ಥಿಂಫುವಿನಿಂದ ಪುನಾಖಾಕ್ಕೆ: ಒಂದು ಹಗಲಿನ ಘಟ್ಟದ ದಾರಿ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ರಜೆಯ ಪ್ರವಾಸವೆಂದರೆ ಬಹುಕಾಲ ಒಂದೇ ಅರ್ಥವಿತ್ತು. ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರು ಸೇರುವುದು, ಅಲ್ಲಿಂದ ಊರು, ಊರಿನಿಂದ ಶೃಂಗೇರಿ, ಧರ್ಮಸ್ಥಳ, ಉಡುಪಿ. ಘಟ್ಟದ ದಾರಿಯೆಂದರೆ ಆಗುಂಬೆ, ಚಾರ್ಮಾಡಿ, ಶಿರಾಡಿ. ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ನಿವೃತ್ತಿಯ ಅಂಚಿಗೆ ಬಂದಿರುವ ನಮ್ಮಂಥವರಿಗೂ ಹೊರದೇಶದ ಬೆಟ್ಟಗಳನ್ನೊಮ್ಮೆ ನೋಡಬೇಕೆಂಬ ಆಸೆ ಮೂಡಿದೆ. ಸ್ವಿಟ್ಜರ್ಲೆಂಡಿನ ಖರ್ಚನ್ನೂ ದೂರವನ್ನೂ ಲೆಕ್ಕಹಾಕಿ ಹಿಂದೆ ಸರಿದವರಿಗೆ ಭೂತಾನ್ ಹತ್ತಿರದ ಉತ್ತರವಾಗಿ ಕಾಣಿಸುತ್ತದೆ. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ, ಅನುಮತಿ ಪತ್ರ ಸಾಕು. ನಮ್ಮ ರೂಪಾಯಿ ಅಲ್ಲಿ ಚಲಾವಣೆಯಾಗುತ್ತದೆ. ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡುತ್ತವೆ.

ಭೂತಾನಿನ ಯಾವುದೇ ಪ್ರವಾಸಪಟ್ಟಿಯನ್ನು ತೆರೆದರೂ ಅದರಲ್ಲಿ ಒಂದು ದಿನ ಥಿಂಫುವಿನಿಂದ ಪುನಾಖಾಕ್ಕೆ ಮೀಸಲಾಗಿರುತ್ತದೆ. ದೂರ ಸುಮಾರು ಎಪ್ಪತ್ತೈದು ಕಿಲೋಮೀಟರ್, ಪಯಣ ಎರಡೂವರೆಯಿಂದ ಮೂರು ಗಂಟೆ. ಅಷ್ಟರಲ್ಲೇ ಐದಾರು ಸ್ಥಳಗಳನ್ನು ತುರುಕಿ, ಅಂದೇ ರಾತ್ರಿ ಥಿಂಫುವಿಗೆ ಮರಳುವಂತೆ ದಿನವನ್ನು ಹೊಂದಿಸಿರುವುದೂ ಉಂಟು. ಆಗ ರಸ್ತೆಯೆಂಬುದು ಒಂದು ಸ್ಥಳಕ್ಕೂ ಇನ್ನೊಂದು ಸ್ಥಳಕ್ಕೂ ನಡುವಿನ ಅಡಚಣೆಯಾಗಿಬಿಡುತ್ತದೆ. ತಿರುವುಗಳಲ್ಲಿ ತಲೆ ತಿರುಗಿದ ಹಿರಿಯರು ಕಣ್ಣುಮುಚ್ಚಿ ಒರಗಿರುತ್ತಾರೆ, ಕಿರಿಯರು ಮೊಬೈಲು ನೋಡುತ್ತಿರುತ್ತಾರೆ. ಆ ದಿನ ನೋಡಬೇಕಾದದ್ದು ಮೊದಲಿಗೆ ರಸ್ತೆಯನ್ನೇ ಎಂಬುದು ನಮ್ಮ ಅಭಿಪ್ರಾಯ. ಈ ದಾರಿ ಹೇಗೆ ಹುಟ್ಟಿತು, ಹೇಗೆ ಏರಿ ಇಳಿಯುತ್ತದೆ, ಅದರ ಬದಿಯಲ್ಲಿ ಯಾರ ನೆನಪುಗಳಿವೆ, ಮನೆಯ ಹಿರಿಯರೊಡನೆ ಹೊರಡುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ರಸ್ತೆಯೇ ಇರದ ದೇಶ

1958ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮಗಳು ಇಂದಿರಾ ಅವರೊಡನೆ ಭೂತಾನಿಗೆ ಭೇಟಿಯಿತ್ತರು. ಆಗ ಆ ದೇಶದಲ್ಲಿ ಮೋಟಾರು ಓಡುವ ದಾರಿ ಇರಲಿಲ್ಲ. ಸಿಕ್ಕಿಮಿನ ನಾಥು ಲಾ ದಾಟಿ, ಟಿಬೆಟಿನ ಚುಂಬಿ ಕಣಿವೆಯ ಮೂಲಕ ಹಾದು, ಕುದುರೆ ಹಾಗೂ ಚಮರೀಮೃಗಗಳ ಬೆನ್ನೇರಿ ಅವರು ಪಾರೋ ತಲುಪಬೇಕಾಯಿತು. ಮರುವರ್ಷ ಟಿಬೆಟಿನ ಸ್ಥಿತಿ ಬದಲಾಯಿತು; ಆ ಕಡೆಯ ಹಳೆಯ ವ್ಯಾಪಾರದ ದಾರಿಗಳು ಮುಚ್ಚಿದವು. ಭೂತಾನ್ ದಕ್ಷಿಣಕ್ಕೆ, ಎಂದರೆ ಭಾರತದ ಕಡೆಗೆ ದಾರಿ ಮಾಡಿಕೊಳ್ಳುವುದು ಅನಿವಾರ್ಯವಾಯಿತು.

1960ರಲ್ಲಿ ನಮ್ಮ ದೇಶದಲ್ಲಿ ಗಡಿ ರಸ್ತೆಗಳ ಸಂಸ್ಥೆ ಸ್ಥಾಪನೆಯಾಯಿತು. 1961ರಲ್ಲಿ ಅದರ ‘ದಂತಕ್’ ಯೋಜನೆ ಭೂತಾನಿನಲ್ಲಿ ಕೆಲಸ ಆರಂಭಿಸಿತು. ಆ ದೇಶದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದದ್ದೂ ಅದೇ ವರ್ಷ, ಭಾರತದ ನೆರವಿನಿಂದ. ಗಡಿಯ ಊರಾದ ಫುಂಟ್‌ಶೋಲಿಂಗಿನಿಂದ ಥಿಂಫುವಿಗೆ ರಸ್ತೆ ಬಂದಿತು. ಆಮೇಲೆ ಥಿಂಫುವಿನಿಂದ ಪೂರ್ವದ ತುದಿಯ ತ್ರಾಶಿಗಾಂಗಿನವರೆಗೆ ದೇಶವನ್ನು ಅಡ್ಡಲಾಗಿ ಜೋಡಿಸುವ ಹೆದ್ದಾರಿಯೂ ದಂತಕ್‌ನ ಕೆಲಸಗಳ ಸಾಲಿಗೆ ಸೇರಿತು. ನಾವು ಪುನಾಖಾಕ್ಕೆ ಹೋಗುವುದು ಈ ಹೆದ್ದಾರಿಯ ಮೊದಲ ಭಾಗದಲ್ಲೇ. ಈಚಿನ ವರ್ಷಗಳಲ್ಲಿ ಅದನ್ನು ಅಗಲಗೊಳಿಸಲಾಗಿದೆ.

ಥಿಂಫುವಿನಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರ್ ಬಂದರೆ ಸಿಮ್ತೋಖಾ. 1629ರಲ್ಲಿ ಕಟ್ಟಿದ ಜೋಂಗ್ ಇಲ್ಲಿದೆ. ಜೋಂಗ್ ಎಂದರೆ ಕೋಟೆ, ಮಠ, ಸರ್ಕಾರಿ ಕಚೇರಿ ಮೂರೂ ಒಂದೇ ಆವರಣದಲ್ಲಿರುವ ಕಟ್ಟಡ. ಭೂತಾನನ್ನು ಒಂದುಗೂಡಿಸಿದ ಶಬ್‌ದ್ರುಂಗ್ ನವಾಂಗ್ ನಾಮ್‌ಗ್ಯಾಲ್ ಅವರು ಇಂಥ ಜೋಂಗ್‌ಗಳ ಮೂಲಕವೇ ಆಡಳಿತವನ್ನೂ ಧರ್ಮವನ್ನೂ ನೆಲೆಗೊಳಿಸಿದರು. ಪ್ರವಾಸಿಗರು ಸಾಮಾನ್ಯವಾಗಿ ಈ ಜೋಂಗ್ ಕಡೆಗೊಮ್ಮೆ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ಆದರೆ ಸಿಮ್ತೋಖಾದಲ್ಲಿ ಇನ್ನೊಂದು ಸ್ಮಾರಕವಿದೆ. ಅದು ದಂತಕ್‌ನ ಹುತಾತ್ಮರದು. ಭೂತಾನಿನ ರಸ್ತೆ, ಸೇತುವೆ, ವಿಮಾನನಿಲ್ದಾಣ ಮೊದಲಾದವನ್ನು ಕಟ್ಟುವ ಕೆಲಸದಲ್ಲಿ ದಂತಕ್‌ನ 1,200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. 2021ರಲ್ಲಿ ಯೋಜನೆಗೆ ಅರವತ್ತು ವರ್ಷ ತುಂಬಿದಾಗ ಭಾರತದ ರಾಯಭಾರಿಯವರು ಪುಷ್ಪಗುಚ್ಛವಿರಿಸಿ ಗೌರವ ಸಲ್ಲಿಸಿದ್ದು ಇದೇ ಸ್ಮಾರಕಕ್ಕೆ.

ಗಡಿ ರಸ್ತೆಗಳ ಸಂಸ್ಥೆಯ ಧ್ಯೇಯವಾಕ್ಯ ‘ಶ್ರಮೇಣ ಸರ್ವಂ ಸಾಧ್ಯಂ’. ಶ್ರಮದಿಂದ ಎಲ್ಲವೂ ಸಾಧ್ಯವೆಂಬ ಈ ಮಾತು ಹೇಳಲು ಸುಲಭ. ಮುಂದಿನ ಎರಡು ಗಂಟೆ ಕಿಟಕಿಯಾಚೆ ನೋಡುತ್ತ ಹೋದರೆ ಅದರ ಬೆಲೆ ಎಷ್ಟೆಂಬುದು ಅರ್ಥವಾಗತೊಡಗುತ್ತದೆ.

ಏರುವ ದಾರಿ

ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಥಿಂಫು ಪಟ್ಟಣವೇ 2,300 ಮೀಟರ್ ಎತ್ತರದಲ್ಲಿ ಕುಳಿತಿದೆ. ಅಲ್ಲಿಂದ ಸುಮಾರು ಇಪ್ಪತ್ತೆರಡು ಕಿಲೋಮೀಟರ್ ದೂರದ ದೋಚುಲಾ ಕಣಿವೆಮಾರ್ಗದ ಎತ್ತರ ಸುಮಾರು 3,100 ಮೀಟರ್. ಅಲ್ಲಿ ನಿಂತಾಗ ನಾವು ಮುಳ್ಳಯ್ಯನಗಿರಿಯ ನೆತ್ತಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಮೇಲಿರುತ್ತೇವೆ. ಹೆಸರಿನ ಕೊನೆಯಲ್ಲಿರುವ ‘ಲಾ’ ಎಂದರೆ ಬೆಟ್ಟಸಾಲನ್ನು ದಾಟುವ ಘಾಟಿ. ನಾಥು ಲಾ, ಖರ್ದುಂಗ್ ಲಾ ಎಂಬಲ್ಲಿರುವುದೂ ಇದೇ ‘ಲಾ’.

ಇಪ್ಪತ್ತೆರಡು ಕಿಲೋಮೀಟರಿನಲ್ಲಿ 800 ಮೀಟರ್ ಏರುವುದೆಂದರೆ ಸರಾಸರಿ ನೂರು ಮೀಟರ್ ಸಾಗಿದಾಗ ಮೂರೂವರೆ ಮೀಟರಿನಷ್ಟು ಏರಿದಂತಾಯಿತು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸರಸರನೆ ಸೋಮೇಶ್ವರಕ್ಕೆ ಇಳಿದುಬಿಡುವ ಆಗುಂಬೆ ಘಾಟಿಗೆ ಹೋಲಿಸಿದರೆ ಈ ಏರು ಸೌಮ್ಯವೇ. ಬೆಟ್ಟದ ಮೈ ಕಡಿದಾಗಿದ್ದರೂ ರಸ್ತೆ ಕಡಿದಾಗಿರಬಾರದು; ಭಾರದ ಲಾರಿ ಏರಬೇಕು, ಇಳಿಯುವಾಗ ಬ್ರೇಕು ಕಾಯಬಾರದು. ಆದ್ದರಿಂದ ಎಂಜಿನಿಯರರು ನೇರವಾಗಿ ಏರದೆ, ಬೆಟ್ಟದ ಮಡಿಕೆಗಳನ್ನು ಒಂದೊಂದಾಗಿ ಒಳಹೊಕ್ಕು ಹೊರಬಂದು, ದಾರಿಯನ್ನು ಉದ್ದವಾಗಿಸಿ ಏರನ್ನು ಹಂಚಿಬಿಡುತ್ತಾರೆ. ಪ್ರತಿಯೊಂದು ಒಳತಿರುವಿನಲ್ಲಿ ಒಂದು ತೊರೆ ಸಿಗುವುದಕ್ಕೂ, ಅದರ ಮೇಲೊಂದು ಮೋರಿಯೋ ಕಿರುಸೇತುವೆಯೋ ಇರುವುದಕ್ಕೂ ಇದೇ ಕಾರಣ. ಎಷ್ಟೋ ಕಡೆ ಆ ತೊರೆಯ ನೀರಿನಿಂದಲೇ ತಿರುಗುವ ಪ್ರಾರ್ಥನಾಚಕ್ರವನ್ನು ಕೂರಿಸಿರುತ್ತಾರೆ. ಹರಿಯುವ ನೀರು ಹಗಲಿರುಳು ಮಂತ್ರ ಹೇಳುತ್ತಿರಲಿ ಎಂಬುದು ಅದರ ಭಾವ.

ನಮ್ಮ ಊರಿನ ಬಂಡೆಗೂ ಅಲ್ಲಿಯ ಬೆಟ್ಟಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಗೋಲ್ಕೊಂಡದ ಕೋಟೆ ನಿಂತಿರುವ, ಬಂಜಾರಾ ಹಿಲ್ಸ್‌ನಲ್ಲಿ ಒಡೆದು ಮನೆ ಕಟ್ಟಿರುವ ಗ್ರಾನೈಟ್ ಶಿಲೆಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ ವಯಸ್ಸು. ಹಿಮಾಲಯ ಏಳತೊಡಗಿದ್ದು, ಭಾರತದ ಭೂಭಾಗ ಏಷ್ಯಾಕ್ಕೆ ಬಂದು ತಾಗಿದ ಮೇಲೆ, ಸುಮಾರು ಐದು ಕೋಟಿ ವರ್ಷಗಳಿಂದ ಈಚೆಗೆ. ಅದು ಇಂದಿಗೂ ಏಳುತ್ತಿರುವ, ಒಳಗೆ ಬಿರುಕುಬಿಟ್ಟಿರುವ, ಮಳೆ ಬಿದ್ದರೆ ಸಡಿಲಗೊಳ್ಳುವ ಪರ್ವತ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಭೂಕುಸಿತವಾಗಿ ದಾರಿ ಗಂಟೆಗಟ್ಟಲೆ ಮುಚ್ಚಿಹೋಗುವುದು ಅಲ್ಲಿ ಅಪರೂಪವಲ್ಲ. ಇಂಥ ಬೆಟ್ಟದಲ್ಲಿ ರಸ್ತೆಯನ್ನು ಒಮ್ಮೆ ಕಟ್ಟಿ ಮುಗಿಸುವುದೆಂಬುದಿಲ್ಲ. ವರ್ಷವರ್ಷವೂ ಮತ್ತೆ ಕಟ್ಟುತ್ತಲೇ ಇರಬೇಕು. ದಾರಿಯ ಬದಿಯಲ್ಲಿ ಗುದ್ದಲಿ ಹಿಡಿದು ಚರಂಡಿಯ ಮಣ್ಣೆತ್ತುವ ಗಂಡಸರನ್ನೂ ಹೆಂಗಸರನ್ನೂ ಕಂಡಾಗ ಈ ಮಾತು ನೆನಪಾಗಬೇಕು.

ಕಾಡಿನ ಬದಲಾವಣೆಯನ್ನು ನೋಡುವುದು ಏರುದಾರಿಯ ಇನ್ನೊಂದು ಸುಖ. ಥಿಂಫುವಿನ ಸುತ್ತ ನೀಲಿ ಪೈನ್ ಮರಗಳು. ಪ್ರಯಾಣದ ಅನುಮತಿ ಪತ್ರವನ್ನು ಪರಿಶೀಲಿಸುವ ಹೊಂಟ್ಸೊ ಗ್ರಾಮದ ಬಳಿ ಸೇಬಿನ ತೋಟಗಳು. ಅಲ್ಲಿಂದ ಮೇಲೆ ಓಕ್, ಹೆಮ್ಲಾಕ್, ಮ್ಯಾಗ್ನೋಲಿಯಾ, ರೋಡೊಡೆಂಡ್ರನ್. ಮಂಜು ಸದಾ ತಾಗುವ ಎತ್ತರದಲ್ಲಿ ಕೊಂಬೆಗಳಿಂದ ಕಲ್ಲುಹೂವು ಜಡೆಯಂತೆ ಜೋತಿರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಹೋದವರಿಗೆ ರೋಡೊಡೆಂಡ್ರನ್ ಹೂಗಳ ಕೆಂಪು ಕಾಣಸಿಗುತ್ತದೆ. ಭೂಪ್ರದೇಶದ ಕನಿಷ್ಠ ಶೇಕಡ 60 ಭಾಗ ಎಂದೆಂದಿಗೂ ಅರಣ್ಯವಾಗಿಯೇ ಉಳಿಯಬೇಕೆಂದು 2008ರ ಭೂತಾನ್ ಸಂವಿಧಾನವೇ ವಿಧಿಸಿದೆ. ಕಾಡು ಉಳಿದರೆ ಮಣ್ಣು ಉಳಿಯುತ್ತದೆ, ಮಣ್ಣು ಉಳಿದರೆ ರಸ್ತೆ ಉಳಿಯುತ್ತದೆ. ಪಶ್ಚಿಮ ಘಟ್ಟದ ಗುಡ್ಡಗಳು ಮಳೆಗಾಲದಲ್ಲಿ ಕುಸಿಯುವ ಸುದ್ದಿಯನ್ನು ಓದುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಚುಲಾದ ನೂರೆಂಟು

ಕೊನೆಯ ತಿರುವು ಮುಗಿದೊಡನೆ ಎದುರಿಗೆ ಸಣ್ಣ ದಿಣ್ಣೆಯೊಂದರ ಮೇಲೆ ಕೆಂಪು ಪಟ್ಟಿಯ ಬಿಳಿಯ ಸ್ತೂಪಗಳು ಸುತ್ತುಸುತ್ತಾಗಿ ಕಾಣಿಸುತ್ತವೆ. ಸ್ತೂಪಕ್ಕೆ ಅಲ್ಲಿಯ ಹೆಸರು ಚೋರ್ಟೆನ್. ಕೆಳಗಿನ ಸುತ್ತಿನಲ್ಲಿ 45, ನಡುವಿನದರಲ್ಲಿ 36, ಮೇಲಿನದರಲ್ಲಿ 27, ಒಟ್ಟು 108. ಜಪಮಾಲೆಯ ಮಣಿಗಳ ಈ ಸಂಖ್ಯೆ ನಮಗೂ ಪರಿಚಿತವಾದದ್ದೇ. ಇವುಗಳಿಗೆ ‘ದ್ರುಕ್ ವಾಂಗ್ಯಾಲ್ ಚೋರ್ಟೆನ್’ ಎಂದು ಹೆಸರು. ರಾಜಮಾತೆ ಆಶಿ ದೋರ್ಜಿ ವಾಂಗ್ಮೊ ವಾಂಗ್ಚುಕ್ ಅವರು ಇವನ್ನು ಕಟ್ಟಿಸಿದರು.

ನೋಡಲು ಇಷ್ಟು ರಮಣೀಯವಾಗಿರುವ ಈ ದಿಣ್ಣೆ ಒಂದು ಯುದ್ಧಸ್ಮಾರಕ. ಅಸ್ಸಾಮ್ ಮತ್ತು ಉತ್ತರ ಬಂಗಾಳದ ಕೆಲವು ಸಶಸ್ತ್ರ ಪ್ರತ್ಯೇಕತಾವಾದಿ ಗುಂಪುಗಳು ಭಾರತದ ವಿರುದ್ಧ ಹೋರಾಡುತ್ತ, ಭೂತಾನಿನ ದಕ್ಷಿಣದ ಕಾಡುಗಳಲ್ಲಿ ಶಿಬಿರಗಳನ್ನು ಹೂಡಿದ್ದವು. ವರ್ಷಗಟ್ಟಲೆ ನಡೆಸಿದ ಮಾತುಕತೆ ಫಲಿಸದೆ ಹೋದಾಗ, 2003ರ ಡಿಸೆಂಬರ್ 15ರಂದು ಭೂತಾನಿನ ಸಣ್ಣ ಸೇನೆ ಅವುಗಳ ಮೇಲೆ ಕಾರ್ಯಾಚರಣೆ ಆರಂಭಿಸಿತು. ಆಗಿನ ದೊರೆ, ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರು ಸ್ವತಃ ಮುಂದೆ ನಿಂತು ನಡೆಸಿದರು. ಆ ಹೋರಾಟದಲ್ಲಿ ಮಡಿದ ಭೂತಾನಿನ ಯೋಧರ ನೆನಪಿಗೆ ಈ 108 ಚೋರ್ಟೆನ್‌ಗಳು 2004ರಲ್ಲಿ ಎದ್ದು ನಿಂತವು. 2011ರಿಂದ ಪ್ರತಿವರ್ಷ ಡಿಸೆಂಬರ್ 13ರಂದು ಇಲ್ಲಿ ಉತ್ಸವವೊಂದು ನಡೆಯುತ್ತಿದ್ದು, ಅದರಲ್ಲಿ ಭೂತಾನಿನ ಸೈನಿಕರೂ ನರ್ತಿಸುತ್ತಾರೆ.

ಸಿಮ್ತೋಖಾದ ಸ್ಮಾರಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ, ಭೂತಾನಿಗೆ ರಸ್ತೆ ಕೊಡಲು ಬಂದು ಮಡಿದ ನಮ್ಮವರು. ಇಲ್ಲಿ, ನಮ್ಮ ದೇಶಕ್ಕೂ ಸಂಬಂಧಿಸಿದ ಸಂಕಟವನ್ನು ತೀರಿಸಲು ಹೋಗಿ ಮಡಿದ ಅವರವರು. ಎರಡರ ನಡುವಿನ ದೂರ ಇಪ್ಪತ್ತು ಕಿಲೋಮೀಟರಿಗಿಂತ ಕಡಿಮೆ. ನೆರೆಹೊರೆಯ ದೇಶಗಳ ಸ್ನೇಹದ ಬಗ್ಗೆ ಭಾಷಣಗಳಲ್ಲಿ ಕೇಳುವ ಮಾತಿಗೆ ಇಲ್ಲಿ ಕಲ್ಲಿನ ಸಾಕ್ಷ್ಯವಿದೆ. ಇದನ್ನು ತಿಳಿಯದೆ ಹೋದವರಿಗೆ ದೋಚುಲಾ ಒಳ್ಳೆಯ ಛಾಯಾಚಿತ್ರದ ಜಾಗ ಮಾತ್ರ. 2019ರಲ್ಲಿ ನಮ್ಮ ದೇಶದ ಪ್ರವಾಸಿಯೊಬ್ಬರು ಇಲ್ಲಿಯ ಚೋರ್ಟೆನ್ ಒಂದರ ಮೇಲೆ ಹತ್ತಿ ನಿಂತು ಚಿತ್ರ ತೆಗೆಸಿಕೊಂಡದ್ದು ಭೂತಾನಿನ ಜನರ ಮನಸ್ಸನ್ನು ಬಹಳ ನೋಯಿಸಿತು. ನಮ್ಮ ದೇವಾಲಯಗಳಲ್ಲಿ ಮಾಡುವಂತೆಯೇ ಇಲ್ಲಿಯೂ ಎಡದಿಂದ ಸುತ್ತಿ ಪ್ರದಕ್ಷಿಣೆ ಬರುವುದು ಪದ್ಧತಿ. ಅಷ್ಟು ಮಾಡಿದರೆ ಸಾಕು, ಅಲ್ಲಿಯ ಹಿರಿಯರ ಮುಖದಲ್ಲಿ ನಗು ಮೂಡುತ್ತದೆ.

ಆಕಾಶ ಶುಭ್ರವಾಗಿದ್ದ ದಿನ ಉತ್ತರಕ್ಕೆ ಹಿಮಶಿಖರಗಳ ಸಾಲು ಕಾಣುತ್ತದೆ. ಅದರಲ್ಲಿ 7,570 ಮೀಟರ್ ಎತ್ತರದ ಗಂಗ್ಖರ್ ಪುಯೆನ್ಸುಮ್ ಸಹ ಒಂದು. ಮನುಷ್ಯರು ಇನ್ನೂ ಏರದಿರುವ ಶಿಖರಗಳಲ್ಲಿ ಅತ್ಯಂತ ಎತ್ತರದ್ದೆಂದು ಅದಕ್ಕೆ ಪ್ರಸಿದ್ಧಿ. ಏರಲಾಗದೆ ಉಳಿದದ್ದಷ್ಟೇ ಅಲ್ಲ, ಏರಬಾರದೆಂದು ಉಳಿಸಿದ್ದೂ ಹೌದು. ಶಿಖರಗಳು ದೇವತೆಗಳ ನೆಲೆಯೆಂಬ ನಂಬಿಕೆಯನ್ನು ಗೌರವಿಸಿ ಭೂತಾನ್ 1994ರಲ್ಲಿ 6,000 ಮೀಟರಿಗಿಂತ ಎತ್ತರದ ಪರ್ವತಾರೋಹಣವನ್ನು ತಡೆಯಿತು. 2003ರಲ್ಲಿ ಪರ್ವತಾರೋಹಣವನ್ನೇ ನಿಷೇಧಿಸಿತು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಅದರಲ್ಲೂ ಬೆಳಗಿನ ಹೊತ್ತು, ಈ ನೋಟ ದೊರೆಯುವ ಸಂಭವ ಹೆಚ್ಚು. ಮಂಜು ಮುಚ್ಚಿದ ದಿನ ಹೋದವರು ನಿರಾಶರಾಗಬೇಕಿಲ್ಲ. ಪಕ್ಕದ ಕಾಡಿನಲ್ಲಿ ಮರದಿಂದ ಮರಕ್ಕೆ ಕಟ್ಟಿದ ಪ್ರಾರ್ಥನಾಪತಾಕೆಗಳು ಮಂಜಿನಲ್ಲಿ ಒಂದೊಂದಾಗಿ ಮೂಡಿ ಮರೆಯಾಗುವುದೂ ನೋಡತಕ್ಕದ್ದೇ. ಅವುಗಳ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣಗಳು ಕ್ರಮವಾಗಿ ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿಗಳನ್ನು ಸೂಚಿಸುತ್ತವೆ. ಪಂಚಭೂತಗಳನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಚೆಂದದ ಪಾಠ ಸಿಗಲಾರದು.

ಇಳಿಯುವ ದಾರಿ

ದೋಚುಲಾದಿಂದ ಪುನಾಖಾಕ್ಕೆ ಸುಮಾರು ಐವತ್ತು ಕಿಲೋಮೀಟರ್ ಇಳಿತ. ಪುನಾಖಾದ ಎತ್ತರ ಸುಮಾರು 1,250 ಮೀಟರ್ ಮಾತ್ರ. ಸಾಮಾನ್ಯವಾಗಿ ಸಾವಿರ ಮೀಟರ್ ಇಳಿದರೆ ಆರೇಳು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಆ ಲೆಕ್ಕದಲ್ಲಿ ಈ ಐವತ್ತು ಕಿಲೋಮೀಟರಿನಲ್ಲಿ ಹನ್ನೆರಡು ಡಿಗ್ರಿಯಷ್ಟು ವ್ಯತ್ಯಾಸ. ಮೇಲೆ ಶಾಲು ಹೊದ್ದು ನಡುಗುತ್ತಿದ್ದವರು ಕೆಳಗೆ ಸ್ವೆಟರ್ ಕಳಚುತ್ತಾರೆ. ಹೆಮ್ಲಾಕ್ ಮರಗಳು ಹಿಂದೆ ಸರಿದು, ಓಕ್ ಬಂದು, ಆಮೇಲೆ ಚಿರ್ ಪೈನ್ ಬಂದು, ಕೊನೆಗೆ ಬಾಳೆ, ಕಿತ್ತಳೆ, ಭತ್ತದ ಗದ್ದೆಗಳು ಕಾಣಿಸಿದಾಗ ನಮ್ಮ ಮಲೆನಾಡಿನ ತಪ್ಪಲಿಗೆ ಇಳಿದ ಅನುಭವವೇ ಆಗುತ್ತದೆ. ನಮ್ಮಲ್ಲಿ ನೂರಾರು ಕಿಲೋಮೀಟರ್ ಓಡಾಡಿದರೂ ಕಾಣದಷ್ಟು ಹವಾಮಾನಗಳು ಇಲ್ಲಿ ಒಂದೂವರೆ ಗಂಟೆಯಲ್ಲಿ ಎದುರಾಗುತ್ತವೆ.

ಇಳಿಜಾರಿನಲ್ಲಿ ಅಲ್ಲಿಯ ಚಾಲಕರು ನಡೆದುಕೊಳ್ಳುವ ರೀತಿಯನ್ನು ಗಮನಿಸುವುದು ಒಳ್ಳೆಯದು. ಅವರು ಬ್ರೇಕನ್ನು ಸದಾ ಒತ್ತಿಹಿಡಿಯುವುದಿಲ್ಲ; ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಬಿಡುತ್ತಾರೆ. ಬ್ರೇಕನ್ನು ಒತ್ತಿಯೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿ ಬರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಬೆಟ್ಟದ ರಸ್ತೆಗಳ ನಿಯಮ. ನಮ್ಮ ದೇಶದ ನಿಯಮವೂ ಅದೇ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಕಷ್ಟವೆಂಬುದೇ ಇದರ ಹಿಂದಿನ ತರ್ಕ. ಅಮೀರ್‌ಪೇಟೆ, ಪಂಜಗುಟ್ಟದ ವಾಹನಸಂದಣಿಯಲ್ಲಿ ಹಾರ್ನಿನ ಸದ್ದಿಗೆ ಒಗ್ಗಿಹೋಗಿರುವ ನಮಗೆ, ಸಂಚಾರದೀಪಗಳೇ ಇಲ್ಲದ, ಪೊಲೀಸರು ಕೈಸನ್ನೆಯಿಂದ ವಾಹನ ನಿಯಂತ್ರಿಸುವ ರಾಜಧಾನಿಯಿಂದ ಬಂದ ಈ ಚಾಲಕರ ತಾಳ್ಮೆ ಮೊದಲು ಅಚ್ಚರಿ ಹುಟ್ಟಿಸುತ್ತದೆ, ಆಮೇಲೆ ನೆಮ್ಮದಿ ಕೊಡುತ್ತದೆ.

ಕಣಿವೆಯ ತಳ ಸಮೀಪಿಸುವಾಗ ಲೋಬೇಸಾದ ಬಳಿ, ಗದ್ದೆಗಳ ನಡುವಣ ಗುಡ್ಡದ ಮೇಲೆ ಚಿಮಿ ಲಾಖಾಂಗ್ ಎಂಬ ದೇವಾಲಯವಿದೆ. ಸಂತಾನ ಬಯಸುವ ದಂಪತಿಗಳು ಇಲ್ಲಿಗೆ ಬರುತ್ತಾರೆ. ಲೋಕದ ಕಟ್ಟಳೆಗಳನ್ನು ಹಾಸ್ಯದಿಂದ ಮುರಿಯುತ್ತ ಉಪದೇಶ ಮಾಡಿದ ದ್ರುಕ್ಪಾ ಕುನ್ಲೇ ಎಂಬ ಸಂತನೊಂದಿಗೆ ಈ ಸ್ಥಳದ ಹೆಸರು ಸೇರಿಕೊಂಡಿದೆ. ಸುತ್ತಣ ಮನೆಗಳ ಗೋಡೆಗಳ ಮೇಲೆ ಪುರುಷಾಂಗದ ಚಿತ್ರಗಳಿರುತ್ತವೆ. ಕುಟುಂಬದೊಡನೆ ಹೋದವರಿಗೆ ಮುಜುಗರವಾಗುವುದು ಸಹಜ. ಅವು ಅಲ್ಲಿಯವರಿಗೆ ದೃಷ್ಟಿದೋಷವನ್ನೂ ಕೇಡನ್ನೂ ದೂರವಿಡುವ ರಕ್ಷೆ. ನಮ್ಮ ಮನೆಯ ಬಾಗಿಲಿಗೆ ಬೂದುಗುಂಬಳ ಕಟ್ಟಿದಂತೆ. ಮುಂಚಿತವಾಗಿ ತಿಳಿದು ಹೋದರೆ ಮಕ್ಕಳ ಪ್ರಶ್ನೆಗೆ ತಡವರಿಸಬೇಕಾಗುವುದಿಲ್ಲ.

ಎರಡು ನದಿಗಳ ನಡುವೆ

ದಾರಿಯ ಕೊನೆಯಲ್ಲಿ ಪುನಾಖಾ ಜೋಂಗ್. ಫೋ ಛು, ಮೋ ಛು ಎಂಬ ಎರಡು ನದಿಗಳು ಸೇರುವ ಮೂಲೆಯಲ್ಲಿ ಇದನ್ನು 1637-38ರಲ್ಲಿ ಶಬ್‌ದ್ರುಂಗ್ ಅವರು ಕಟ್ಟಿಸಿದರು. ‘ಛು’ ಎಂದರೆ ನೀರು ಅಥವಾ ನದಿ. ಫೋ ಎಂದರೆ ಗಂಡು, ಮೋ ಎಂದರೆ ಹೆಣ್ಣು. ಎರಡೂ ಕೂಡಿ ಮುಂದೆ ಸಂಕೋಶ್ ಎಂಬ ಹೆಸರಿನಿಂದ ಭಾರತಕ್ಕಿಳಿದು ಬ್ರಹ್ಮಪುತ್ರೆಯನ್ನು ಸೇರುತ್ತವೆ. 1907ರ ಡಿಸೆಂಬರ್ 17ರಂದು ಭೂತಾನಿನ ಮೊದಲ ಅರಸ ಉಗ್ಯೆನ್ ವಾಂಗ್ಚುಕ್ ಅವರ ಪಟ್ಟಾಭಿಷೇಕ ನಡೆದದ್ದು ಇಲ್ಲಿ. 2011ರ ಅಕ್ಟೋಬರ್‌ನಲ್ಲಿ ಈಗಿನ ಅರಸರ ವಿವಾಹ ನಡೆದದ್ದೂ ಇಲ್ಲೇ. ರಾಜಧಾನಿ ಥಿಂಫುವಿಗೆ ಹೋಗಿ ದಶಕಗಳೇ ಕಳೆದರೂ ಚಳಿಗಾಲದಲ್ಲಿ ದೇಶದ ಪ್ರಧಾನ ಧರ್ಮಗುರುಗಳೂ ಭಿಕ್ಷುಸಮೂಹವೂ ಥಿಂಫುವಿನಿಂದ ಪುನಾಖಾಕ್ಕೆ ಬಂದು ನೆಲೆಸುವ ಪದ್ಧತಿ ಹಾಗೆಯೇ ಉಳಿದಿದೆ. ನಾವು ಅರ್ಧ ಹಗಲಿನಲ್ಲಿ ಬಂದ ದಾರಿಯನ್ನು ರಸ್ತೆ ಬರುವ ಮೊದಲು ಅವರು ಶತಮಾನಗಳ ಕಾಲ ಕಾಲ್ನಡಿಗೆಯಲ್ಲಿ ಕ್ರಮಿಸಿದ್ದರು.

ಈ ಸಂಗಮದ ಸೌಂದರ್ಯಕ್ಕೂ ಒಂದು ಭಯದ ಬದಿಯಿದೆ. 1994ರ ಅಕ್ಟೋಬರ್ 7ರಂದು ಫೋ ಛು ನದಿಯ ಮೂಲದಲ್ಲಿ, ಹಿಮನದಿ ಕರಗಿ ಉಂಟಾಗಿದ್ದ ಲುಗ್ಗೆ ತ್ಸೋ ಎಂಬ ಸರೋವರದ ಅಂಚು ಒಡೆಯಿತು. ನೀರು, ಕೆಸರು, ಮರದ ದಿಮ್ಮಿಗಳು ಒಟ್ಟಾಗಿ ಕಣಿವೆಯಲ್ಲಿ ನುಗ್ಗಿ ಪುನಾಖಾವನ್ನು ತಲುಪಿದವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಜೋಂಗ್‌ಗೂ ಹಾನಿಯಾಯಿತು. ಆಮೇಲೆ ನದಿಯ ದಂಡೆಗಳನ್ನು ಭದ್ರಪಡಿಸಿದರು. ಅದೇ ಮೂಲದಲ್ಲಿರುವ ಥೋರ್ಥೋರ್ಮಿ ಎಂಬ ಇನ್ನೊಂದು ಸರೋವರದ ನೀರಿನ ಮಟ್ಟವನ್ನು ಇಳಿಸಲು, ಯಂತ್ರಗಳು ತಲುಪದ ಆ ಎತ್ತರಕ್ಕೆ ನೂರಾರು ಜನ ದಿನಗಟ್ಟಲೆ ನಡೆದುಹೋಗಿ, ತಣ್ಣೀರಿನಲ್ಲಿ ನಿಂತು ಕೈಯಿಂದಲೇ ಕಾಲುವೆ ತೋಡಿದರು. ಭೂಮಿಯ ಬಿಸಿ ಏರುತ್ತಿರುವಂತೆ ಇಂಥ ಸರೋವರಗಳು ಹಿಗ್ಗುತ್ತಿವೆ.

ಹೈದರಾಬಾದಿನವರಿಗೆ ನದಿಯೊಂದು ಊರಿನ ಮೇಲೆ ನುಗ್ಗಿದ ಕಥೆ ಹೊಸದಲ್ಲ. 1908ರ ಸೆಪ್ಟೆಂಬರ್ 28ರ ಮೂಸಿಯ ಮಹಾಪೂರದಲ್ಲಿ ಸಾವಿರಾರು ಜನ ಕೊಚ್ಚಿಹೋದರು. ಆಗ ಹಲವರ ಪ್ರಾಣ ಉಳಿಸಿದ ಹುಣಸೆಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ತೋರಿಸುತ್ತಾರೆ. ಮತ್ತೆ ಹಾಗಾಗದಿರಲಿ ಎಂದು ನಿಜಾಮರ ಸರ್ಕಾರ 1909ರಲ್ಲಿ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಸಿದ್ಧವಾದವು. ಆ ಜಲಾಶಯಗಳ ಏರಿಯ ಮೇಲೆ ಭಾನುವಾರ ಸಂಜೆ ಅಡ್ಡಾಡುವಾಗ ನಾವು ಪ್ರವಾಹವನ್ನು ನೆನೆಯುವುದಿಲ್ಲ. ಪುನಾಖಾದ ತೂಗುಸೇತುವೆಯ ಮೇಲೆ ನಿಂತು ಚಿತ್ರ ತೆಗೆಯುವ ಪ್ರವಾಸಿಗರ ಸ್ಥಿತಿಯೂ ಅದೇ. ನಿಶ್ಚಿಂತೆಯಿಂದ ನೋಡಿ ಬರುವ ಪ್ರತಿಯೊಂದು ಚೆಲುವಿನ ಹಿಂದೆಯೂ ಯಾರೋ ಪಟ್ಟ ಪಾಡಿರುತ್ತದೆ ಎಂಬುದನ್ನು ಈ ದಾರಿ ಮೂರು ಕಡೆ ಹೇಳುತ್ತದೆ: ಸಿಮ್ತೋಖಾದಲ್ಲಿ, ದೋಚುಲಾದಲ್ಲಿ, ಈ ಸಂಗಮದಲ್ಲಿ.

ಹಿರಿಯರೊಡನೆ ಹೊರಡುವವರಿಗೆ

ತಂದೆತಾಯಿಯರನ್ನು ಕರೆದೊಯ್ಯಬಹುದೇ ಎಂಬುದು ಅನೇಕರ ಪ್ರಶ್ನೆ. ದೋಚುಲಾದಲ್ಲಿ ಗಾಳಿಯ ಒತ್ತಡ, ಅದರೊಂದಿಗೆ ನಮಗೆ ದೊರೆಯುವ ಆಮ್ಲಜನಕ, ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ತಲೆದೋರುತ್ತದೆ. ಅದರಲ್ಲೂ ಅಲ್ಲಿ ರಾತ್ರಿ ಮಲಗುವವರಿಗೆ ಹೆಚ್ಚು. ಈ ದಾರಿಯಲ್ಲಿ ಘಾಟಿಯ ಮೇಲೆ ತಂಗುವುದು ಒಂದು ಗಂಟೆಯಷ್ಟೇ, ಆಮೇಲೆ ಇಳಿತ. ಆದ್ದರಿಂದ ಆರೋಗ್ಯವಂತರಾದ ಹಿರಿಯರಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಹೃದಯರೋಗ, ಉಬ್ಬಸ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಊರು ಬಿಡುವ ಮೊದಲೇ ತಮ್ಮ ವೈದ್ಯರನ್ನು ಕೇಳಲೇಬೇಕು. ತಲೆನೋವು, ವಾಂತಿ, ಅತಿಯಾದ ಆಯಾಸ ಕಂಡರೆ ಚಿತ್ರ ತೆಗೆಯುತ್ತ ನಿಲ್ಲದೆ ಇಳಿಯತೊಡಗುವುದೇ ಮೊದಲ ಚಿಕಿತ್ಸೆ. ದೋಚುಲಾದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಬೇಕು. ಅಲ್ಲಿ ಸಿಗುವ ಬಿಸಿ ಚಹಾ ಕುಡಿದು ಕುಳಿತುಕೊಂಡೇ ನೋಡಿದರೂ ನೋಟ ಕಡಿಮೆಯಾಗುವುದಿಲ್ಲ.

ತಿರುವುಗಳಲ್ಲಿ ತಲೆ ಸುತ್ತುವುದು ಬೇರೆ ವಿಷಯ. ಒಳಗಿವಿ ಚಲನೆಯನ್ನು ಅರಿಯುತ್ತದೆ, ಗಾಡಿಯೊಳಗನ್ನೇ ನೋಡುತ್ತಿರುವ ಕಣ್ಣು ಅರಿಯುವುದಿಲ್ಲ. ಈ ವಿರೋಧವೇ ವಾಂತಿಗೆ ಮೂಲ. ಮುಂದಿನ ಆಸನ, ದೂರಕ್ಕೆ ನೆಟ್ಟ ದೃಷ್ಟಿ, ಹಗುರವಾದ ಬೆಳಗಿನ ತಿಂಡಿ, ಸ್ವಲ್ಪ ತೆರೆದ ಕಿಟಕಿ ಇವು ಸುಲಭದ ಪರಿಹಾರಗಳು. ಮೊಬೈಲನ್ನು ಜೇಬಿನಲ್ಲಿಡುವುದಂತೂ ಮಕ್ಕಳಿಗೂ ಔಷಧವೇ.

ದಾಖಲೆಗಳ ವಿಷಯದಲ್ಲಿ ಅಸಡ್ಡೆ ಸಲ್ಲದು. ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು. ಪ್ರವೇಶಕ್ಕೆ ಆಧಾರ್ ಚೀಟಿಯನ್ನು ನೆಚ್ಚಿಕೊಳ್ಳಬಾರದು. 2022ರಲ್ಲಿ ಗಡಿಗಳು ಮತ್ತೆ ತೆರೆದ ಮೇಲೆ ಭಾರತೀಯ ಪ್ರವಾಸಿಗರಿಂದ ಒಂದು ರಾತ್ರಿಗೆ ತಲಾ 1,200 ರೂಪಾಯಿಯಂತೆ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ಪಡೆಯಲಾಗುತ್ತಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳಬೇಕು. ಭೂತಾನಿನ ನಾಣ್ಯವಾದ ನುಲ್ಟ್ರಮ್ 1974ರಲ್ಲಿ ಚಾಲ್ತಿಗೆ ಬಂದಿತು. ಅದರ ಬೆಲೆಯನ್ನು ನಮ್ಮ ರೂಪಾಯಿಗೆ ಸಮನಾಗಿ ನಿಗದಿಗೊಳಿಸಿದ್ದಾರೆ. 2021ರಲ್ಲಿ ನಮ್ಮ ಯುಪಿಐ ಪಾವತಿ ವ್ಯವಸ್ಥೆಯನ್ನೂ ಭೂತಾನ್ ಒಪ್ಪಿಕೊಂಡಿತು. ಆದರೂ ಘಾಟಿಯ ಅಂಗಡಿಗಳಿಗೆ ಸಣ್ಣ ನೋಟುಗಳು ಕೈಯಲ್ಲಿರುವುದು ಕ್ಷೇಮ. ಸಸ್ಯಾಹಾರಿಗಳಿಗೆ ಕೆಂಪಕ್ಕಿಯ ಅನ್ನವೂ, ಮೆಣಸಿನಕಾಯಿಯನ್ನೇ ತರಕಾರಿಯಂತೆ ಚೀಸಿನಲ್ಲಿ ಬೇಯಿಸಿದ ‘ಎಮಾ ದತ್ಶಿ’ಯೂ ಸಿಗುತ್ತವೆ. ಗೊಂಗೂರ, ಆವಕಾಯಿಗಳಿಗೆ ಪಳಗಿದ ನಮ್ಮ ನಾಲಗೆಗೆ ಅದರ ಖಾರ ಅಂಜಿಕೆ ತರಲಾರದು.

ಕೊನೆಯದಾಗಿ, ಸಮಯದ ಮಾತು. ಅಂದೇ ಥಿಂಫುವಿಗೆ ಮರಳುವ ಏರ್ಪಾಡಿದ್ದರೆ ಅದನ್ನು ಬದಲಿಸಿ ಆ ರಾತ್ರಿ ಪುನಾಖಾದಲ್ಲೇ ತಂಗುವುದು ಉತ್ತಮ. ಹಿರಿಯರಿಗೆ ಒಂದೇ ದಿನ ಎರಡು ಸಲ ಘಾಟಿ ದಾಟುವ ಶ್ರಮ ತಪ್ಪುತ್ತದೆ. ಕಡಿಮೆ ಎತ್ತರದಲ್ಲಿ ನಿದ್ರೆ ಚೆನ್ನಾಗಿ ಬರುತ್ತದೆ. ಮರುದಿನ ಬೆಳಿಗ್ಗೆ ಮರಳುವಾಗ ಹಿಮಶಿಖರ ನೋಡಲು ಎರಡನೆಯ ಅವಕಾಶವೂ ದೊರೆಯುತ್ತದೆ. ಪಟ್ಟಿಯಲ್ಲಿ ಎರಡು ಸ್ಥಳ ಕಡಿಮೆಯಾದರೂ ನಷ್ಟವಿಲ್ಲ. ಬೆಳಿಗ್ಗೆ ಬೇಗ ಹೊರಟು, ಸಿಮ್ತೋಖಾದಲ್ಲಿ ಎರಡು ನಿಮಿಷ ಗಾಡಿ ನಿಲ್ಲಿಸಿ, ಅಲ್ಲಿ ಯಾರ ಸ್ಮಾರಕವಿದೆಯೆಂದು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿ ಮುಂದೆ ಸಾಗೋಣ. ಉಳಿದದ್ದನ್ನು ದಾರಿಯೇ ತೋರಿಸುತ್ತದೆ.